ಐದರ ಬಾಲದ ತುದಿಯಲ್ಲಿ

ಜನವರಿ 28, ಮಂಗಳವಾರ

ಮತ್ತೆ ಫಾರಂ. ಮೂವತ್ತೆಂಟು ಜನ, ಮೂವತ್ತೆಂಟು ಆಧಾರ್ ಪ್ರತಿ. ಆರು ಮಸುಕು, ಒಂದು ತಲೆಕೆಳಗು. ಭಾನುವಾರ ಕೋಡಿಬಂಡೆ ಬೆಟ್ಟ. ನಮ್ಮ ಚಾರಣ ಬಳಗಕ್ಕೆ ಐವತ್ತು ವರ್ಷ ತುಂಬಿದ್ದಕ್ಕೆ. ಅರಣ್ಯ ಇಲಾಖೆಯ ಮುಚ್ಚಳಿಕೆಯಲ್ಲಿ ಹನ್ನೊಂದು ಷರತ್ತು. ಪ್ಲಾಸ್ಟಿಕ್ ಇಲ್ಲ, ಸ್ಪೀಕರ್ ಇಲ್ಲ, ಬೆಂಕಿ ಇಲ್ಲ. ಏಳನೆಯದು — ಡ್ರೋನ್ ಹಾರಿಸುವಂತಿಲ್ಲ. ಕೆಳಗೆ ಸಹಿ: ಹಂಸಾ, ಕಾರ್ಯದರ್ಶಿ. ಹದಿನಾಲ್ಕು ವರ್ಷದಿಂದ ನನ್ನದೇ ಸಹಿ.

ಹನ್ನೊಂದನ್ನೂ ಟೈಪ್ ಮಾಡಿ ಗ್ರೂಪಿಗೆ ಹಾಕಿದೆ. ಉತ್ತರಕ್ಕೆ ಬರೀ ಹೆಬ್ಬೆರಳು. ಒಬ್ಬರೂ ಓದಿರುವುದಿಲ್ಲ. ಕಳೆದ ಸಲ ಬೆಟ್ಟದ ಮೇಲೆ ಕಿತ್ತಲೆ ಸಿಪ್ಪೆ ಎಸೆದು "ಮೇಡಂ, ಗೊಬ್ಬರ ಆಗತ್ತೆ ಬಿಡಿ" ಎಂದವರು ಇವರೇ. ಎಂಜಲು ಸಿಪ್ಪೆ. ನಾನೇ ಹೆಕ್ಕಿ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಗಣಿತದ ಪೇಪರುಗಳು ಇನ್ನೂ ಹಾಗೇ ಇವೆ, ನಾಳೆ ತಿದ್ದಬೇಕು.

ಫೆಬ್ರವರಿ 2, ಭಾನುವಾರ, ಸಂಜೆ 7

ಬಂದೆ. ಸ್ನಾನವಾಯಿತು. ಕಿವಿಯ ಹಿಂದೆ ಒಂದು, ಮೊಣಕೈಗೆ ಎರಡು ಮುಳ್ಳು. ನನ್ನದೇನೂ ದೊಡ್ಡದಲ್ಲ.

ಬರೆಯಲು ಆಗುತ್ತಿಲ್ಲ...

ಫೆಬ್ರವರಿ 3, ಸೋಮವಾರ

ಸ್ಕೂಲಿಗೆ ರಜೆ ಹಾಕಿದೆ. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಗೇಟಿನಲ್ಲಿ ಇಲಾಖೆಯ ಗೈಡ್ ದೊಡ್ಡಬೈರಪ್ಪ ಕಾಯುತ್ತಿದ್ದರು. ಬೆಟ್ಟದ ಬುಡದ ಊರಿನವರು, ಐವತ್ತು ದಾಟಿದ ಮನುಷ್ಯ. ಖಾಕಿ ಷರ್ಟು, ಕೊರಳಲ್ಲಿ ಗೈಡ್ ಕಾರ್ಡು. ಹನ್ನೊಂದು ಷರತ್ತನ್ನೂ ನಾನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಅವರು ಕೈಕಟ್ಟಿ ಕೇಳಿಸಿಕೊಂಡರು. "ಅಮ್ಮಾರು ಇಷ್ಟು ನೀಟಾಗಿ ಓದಿದ್ಮೇಲೆ ನಾನು ಹೇಳೋದೇನೈತೆ" ಎಂದರು. ಹೆಮ್ಮೆಯಾಯಿತು, ಸುಳ್ಳೇಕೆ.

ತುದಿ ಮುಟ್ಟಿದ ಮೇಲೆ ದೊಡ್ಡಬೈರಪ್ಪ ಬಂಡೆಯ ಆಚೆಗಿನ ದೊಣೆಯಲ್ಲಿ ನೀರಿದೆಯೇ ನೋಡಲು ಹೋದರು. ಅವರು ಅತ್ತ ಹೋಗಿದ್ದೇ ತಡ, ಶ್ರೀಹರಿ ಬ್ಯಾಗಿನಿಂದ ಡ್ರೋನ್ ತೆಗೆದ. ಚಾಮರಾಜಪೇಟೆಯಲ್ಲಿ ಹಲ್ಲಿನ ಡಾಕ್ಟರು, ನಲವತ್ತೈದರ ಮೇಲೆ ವಯಸ್ಸು.

"ಶ್ರೀಹರಿ, ಏಳನೇ ಷರತ್ತು" ಎಂದೆ.

"ಮೇಡಂ, ಇದು ಇನ್ನೂರೈವತ್ತು ಗ್ರಾಂ ಕೂಡ ಇಲ್ಲ. ಲೈಸೆನ್ಸೇ ಬೇಕಾಗಿಲ್ಲ. ರೂಲ್ಸೆಲ್ಲಾ ದೊಡ್ಡದಕ್ಕೆ."

ಲೈಸೆನ್ಸ್ ಬೇಡ ಎನ್ನುವುದು ಬೇರೆ, ಕಾಡಿನಲ್ಲಿ ಹಾರಿಸುವುದು ಬೇರೆ. ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುವ ಮಾತು. ಅದನ್ನೇ ಹೇಳಬೇಕೆನ್ನುವಷ್ಟರಲ್ಲಿ ನಮ್ಮ ಅಧ್ಯಕ್ಷರು, ಬಳಗ ಕಟ್ಟಿದ ಚಕ್ರಪಾಣಿ, ಎಪ್ಪತ್ತಾರರ ಹಿರಿಯರು — "ಎರಡೇ ನಿಮಿಷ ಹಂಸಾ. ಐವತ್ತು ವರ್ಷಕ್ಕೆ ಒಂದ್ಸಲ. ಬನ್ನಿ ಬನ್ನಿ."

ಎಲ್ಲರೂ ಬಂಡೆಯ ಮೇಲೆ 50 ಎಂಬ ಅಂಕಿಯಂತೆ ನಿಲ್ಲುವುದು, ಮೇಲಿನಿಂದ ಫೋಟೋ. ಸೊನ್ನೆ ಸೊಟ್ಟಗಿತ್ತು. ಐದರ ಬಾಲಕ್ಕೆ ಒಬ್ಬರು ಕಮ್ಮಿ. ಹೋಗಿ ನಿಂತೆ. ಏನು ಮಾಡಲಿ, ಒಬ್ಬಳೇ ಮುಖ ಊದಿಸಿಕೊಂಡು ಕೂರಲೇ?

ಡ್ರೋನ್ ಮೇಲೆದ್ದಿತು. ಸದ್ದು ಕೇಳಿ ದೊಡ್ಡಬೈರಪ್ಪ ಓಡಿ ಬಂದರು. ಎರಡೂ ಕೈ ಎತ್ತಿ ಆಡಿಸಿದರು. "ಬ್ಯಾಡಾ! ಬ್ಯಾಡ್ರೀ! ಬಂಡೆ ಕೆಳೀಕೆ ಹೆಜ್ಜೇನು ಐತೆ!" ಬಾಲದ ತುದಿಯಲ್ಲಿ ನಿಂತವಳು ನಾನು, ಅವರಿಗೆ ತೀರಾ ಹತ್ತಿರ. ಕೇಳಿಸಿತು. ಅಷ್ಟರಲ್ಲಿ ಶ್ರೀಹರಿ, "ಎಲ್ಲಾ ಮೇಲೆ ನೋಡಿ! ಕೈ ಬೀಸಿ!" ಎಂದ. ಬೀಸಿದರು. ನಾನೂ ಬೀಸಿದೆ. ದೊಡ್ಡಬೈರಪ್ಪ ಯಾಕೋ ಕೈ ಇಳಿಸಿ ಸುಮ್ಮನಾದರು.

ಫೋಟೋ ಮುಗಿದ ಮೇಲೆ ಶ್ರೀಹರಿಗೆ ವಿಡಿಯೋ ಬೇಕಾಯಿತು. ಬಂಡೆಯ ಅಂಚಿನಿಂದ ಕೆಳಕ್ಕೆ ಇಳಿಸಿದ. ಐದಾರು ಜೇನುಹುಟ್ಟು ಅಲ್ಲೇ ನೇತಾಡುತ್ತಿದ್ದವು.

ಹುಳುಗಳು ಒಂದೇ ಸಲ ಎದ್ದವು. ದೊಡ್ಡಬೈರಪ್ಪ ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಬಂಡೆಯ ಪಕ್ಕದ ಸಣ್ಣ ಗವಿಗೆ ತಳ್ಳಿದರು. ಚಕ್ರಪಾಣಿಯವರನ್ನು ಎತ್ತಿಕೊಂಡೇ ಬಂದರು. ಕೊನೆಗೆ ನೋಡಿದರೆ ಅವರಿಗೇ ಜಾಗವಿಲ್ಲ. ಒಳಗಿದ್ದವರು ಯಾರೂ ಸರಿಯಲಿಲ್ಲ. ತಲೆಯ ಮೇಲೆ ಟವಲು ಹಾಕಿಕೊಂಡು ಗವಿಯ ಬಾಯಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ಆಸ್ಪತ್ರೆಯಲ್ಲಿ ನರ್ಸ್ ಅವರ ಮೈಯಲ್ಲಿ ಅರವತ್ತರ ತನಕ ಮುಳ್ಳು ಎಣಿಸಿ ಬಿಟ್ಟುಬಿಟ್ಟಳು. ಕಣ್ಣು ಎರಡೂ ಮುಚ್ಚಿಹೋಗಿದ್ದವು.

ವಾಪಸು ಬಸ್ಸಿನಲ್ಲಿ ಶ್ರೀಹರಿ ಎದ್ದು ನಿಂತು "ಡ್ರೋನ್ ಸೇಫ್!" ಎಂದ. ಚಪ್ಪಾಳೆ. ಆಮೇಲೆ ಪುಳಿಯೋಗರೆ ಡಬ್ಬಗಳು ತೆರೆದುಕೊಂಡವು. ನನ್ನ ಕಡೆ ಬಂದ ಡಬ್ಬವನ್ನು ಹಿಂದಿನ ಸೀಟಿಗೆ ಸಾಗಿಸಿದೆ. ತೂ. ಇಂಥವರ ಜೊತೆ ಹದಿನಾಲ್ಕು ವರ್ಷ ನಡೆದೆನಲ್ಲ.

ಫೆಬ್ರವರಿ 7, ಶುಕ್ರವಾರ

ಫೋಟೋ ಗ್ರೂಪಿಗೆ ಬಂತು. ಕೆಳಗೆ ಸಾಲುಸಾಲು ಕೆಂಪು ಹೃದಯ. "ವಾಟ್ ಎ ಶಾಟ್." ದೊಡ್ಡಬೈರಪ್ಪ ಹೇಗಿದ್ದಾರೆ ಎಂದು ಒಬ್ಬರೂ ಕೇಳಿಲ್ಲ. ನಾನು ಕೇಳಿದೆ. ಅದಕ್ಕೂ ಹೆಬ್ಬೆರಳು ಬಂತು.

ಅತ್ತೆಗೆ ಫೋಟೋ ತೋರಿಸಿದೆ. ಸುಂದರಮ್ಮನವರಿಗೆ ಈಗ ಎಂಬತ್ತನಾಲ್ಕು, ಕಿವಿ ಪೂರ್ತಿ ಹೋಗಿದೆ. ಜನರ ಕೈಬಾಯಿ ನೋಡಿಯೇ ಮಾತು ತಿಳಿಯುತ್ತಾರೆ. ಕನ್ನಡಕ ಏರಿಸಿ ನೋಡಿದರು.

"ಈ ಮೂಲೇಲಿರೋನು ಯಾಕೇ ಬೇಡ ಬೇಡ ಅಂತಿದಾನೆ?"

ಅಷ್ಟು ಸ್ಪಷ್ಟ.

"ನೀನೆಲ್ಲಿದೀಯಾ ಇದರಲ್ಲಿ?" ಎಂದರು. ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ.

ಫೆಬ್ರವರಿ 12, ಬುಧವಾರ

ರೇಂಜ್ ಆಫೀಸಿನಿಂದ ನೋಟಿಸು, ನನ್ನ ಹೆಸರಿಗೆ. ಯಾರೋ ಫೋಟೋವನ್ನು ಫೇಸ್‌ಬುಕ್ಕಿಗೂ ಹಾಕಿದ್ದಾರೆ. ದೊಡ್ಡಬೈರಪ್ಪನವರ ಗೈಡ್ ಕಾರ್ಡು ತಡೆಹಿಡಿದಿದ್ದಾರೆ. ಗೊತ್ತಿದ್ದೂ ಡ್ರೋನ್ ಹಾರಿಸಲು ಬಿಟ್ಟಿದ್ದರೆ ಕಾರ್ಡು ಖಾಯಂ ರದ್ದು. 25ರೊಳಗೆ ಬಳಗದ ಲಿಖಿತ ಹೇಳಿಕೆ ಬೇಕು, ಕಾರ್ಯದರ್ಶಿಯ ಸಹಿಯೊಂದಿಗೆ.

ಫೆಬ್ರವರಿ 14, ಶುಕ್ರವಾರ

ಬಸವನಗುಡಿಯಲ್ಲಿ ಚಕ್ರಪಾಣಿಯವರ ಮನೆಯ ಹಾಲಿನಲ್ಲಿ ಕಮಿಟಿ. ಉಪ್ಪಿಟ್ಟು, ಕಾಫಿ. ಹೇಳಿಕೆ ಆಗಲೇ ಟೈಪಾಗಿ ಬಂದಿತ್ತು. "ಮಾರ್ಗದರ್ಶಿಯವರ ಒಪ್ಪಿಗೆಯ ಮೇರೆಗೇ ಹಾರಿಸಲಾಯಿತು. ಅವರೂ ಸಂತೋಷದಿಂದ ಕೈ ಬೀಸುತ್ತಿರುವುದು ಛಾಯಾಚಿತ್ರದಲ್ಲಿ ಕಾಣುತ್ತದೆ."

"ಅವರು ಬೇಡ ಅಂತ ಕೂಗ್ತಿದ್ರು" ಎಂದೆ.

"ಫೋಟೋಲಿ ಸೌಂಡ್ ಇದ್ಯಾ ಮೇಡಂ?" ಶ್ರೀಹರಿ ನಕ್ಕ. ಎಷ್ಟು ಬಿಳಿ ಹಲ್ಲು.

ಚಕ್ರಪಾಣಿಯವರು ಮೆಲ್ಲಗೆ ಹೇಳಿದರು, "ನೋಡಿ ಹಂಸಾ, ನಿಜ ಬರೆದ್ರೆ ಬಳಗಾನ ಐದು ವರ್ಷ ಬ್ಲಾಕ್‌ಲಿಸ್ಟ್ ಮಾಡ್ತಾರೆ. ಶ್ರೀಹರಿ ಮೇಲೆ ಕೇಸಾಗತ್ತೆ. ಆ ಗೈಡ್‌ಗೆ ಬೇರೆ ಏನಾದ್ರೂ ಕೆಲಸ ನೋಡೋಣ."

ಈ ಮನುಷ್ಯನನ್ನು ದೊಡ್ಡಬೈರಪ್ಪ ಎತ್ತಿಕೊಂಡು ಬಂದದ್ದು. ಇವರು ಆರಾಮಾಗಿ ಕಾಫಿ ಹೀರುತ್ತಿದ್ದರು. ಹೇಸಿಗೆ... ಓದಿ ನೋಡುತ್ತೇನೆ ಎಂದು ಹಾಳೆ ಮಡಚಿ ತಂದಿದ್ದೇನೆ. ಸಹಿ ಹಾಕುವುದಿಲ್ಲ. ಅಷ್ಟಂತೂ ನಾನು ಇವರ ಹಾಗಲ್ಲ.

ಫೆಬ್ರವರಿ 23, ಭಾನುವಾರ

ಸುವರ್ಣ ಸಮಾರಂಭ. ವೇದಿಕೆಯ ಹಿಂದೆ ಅದೇ ಫೋಟೋ, ಗೋಡೆಯಗಲ. ಅಷ್ಟು ದೊಡ್ಡದಾಗಿ ಮೊದಲ ಸಲ ನೋಡಿದೆ. ಮೂಲೆಯಲ್ಲಿ ದೊಡ್ಡಬೈರಪ್ಪ, ಎರಡು ಕೈ ಮೇಲೆ. ಅವರಿಂದ ಆರು ಹೆಜ್ಜೆಗೆ ನಾನು. ಮುಖ ಮೇಲೆತ್ತಿ ಬಾಯಿ ತುಂಬಾ ನಗುತ್ತಿದ್ದೇನೆ. ನಕ್ಕದ್ದು ನೆನಪೇ ಇಲ್ಲ.

"ಕಾಡು ನಮ್ಮ ದೇವಸ್ಥಾನ" ಎಂದು ಶ್ರೀಹರಿಯ ಭಾಷಣ. ನೆನಪಿನ ಕಾಣಿಕೆ ಎಲ್ಲರಿಗೂ ಒಂದೊಂದು ಪುಟ್ಟ ಬಾಟಲಿ ಜೇನುತುಪ್ಪ. ಮೊದಲೇ ಆರ್ಡರ್ ಕೊಟ್ಟಿದ್ದರಂತೆ. ಬೇಡ ಎನ್ನಲಿಲ್ಲ, ತಂದುಬಿಟ್ಟೆ. ಅಡುಗೆಮನೆಯ ಕಟ್ಟೆಯ ಮೇಲಿದೆ. ಮುಟ್ಟಲು ಮನಸ್ಸಿಲ್ಲ.

ಫೆಬ್ರವರಿ 24, ಸೋಮವಾರ, ಸಂಜೆ

ಮೂರು ವಾರದ ಮೇಲೆ ದೊಡ್ಡಬೈರಪ್ಪನವರಿಗೆ ಫೋನ್ ಮಾಡಿದೆ. ಆಸ್ಪತ್ರೆಯಿಂದ ಬಂದು ಮನೆಯಲ್ಲೇ ಇದ್ದಾರೆ.

"ನೀವು ಬೇಡ ಅಂತ ಕೂಗಿದ್ದು ನಾನು ಕೇಳಿದೀನಿ. ಅದನ್ನೇ ಬರ್ದು ಕೊಡ್ತೀನಿ" ಎಂದೆ. ದೊಡ್ಡ ಉಪಕಾರ ಮಾಡುವವಳ ಗತ್ತು ನನ್ನ ದನಿಯಲ್ಲಿ.

"ಬರೀರಿ ಅಮ್ಮಾರೇ. ಆದ್ರೆ ಪೂರ್ತಿ ಬರೀರಿ. ಕೈ ಇಳಿಸ್ದೆ ಅಲ್ವಾ, ಅದ್ನೂ ಬರೀರಿ. ಸಾಹೇಬ್ರು ಅದ್ನೇ ಕೇಳ್ತಾವ್ರೆ, ಇನ್ನೊಂದ್ ಸಲ ಯಾಕ್ ಕೂಗ್ಲಿಲ್ಲ, ಯಾಕ್ ಸುಮ್ಕಾದೆ ಅಂತ."

"ಯಾಕೆ ಸುಮ್ಮನಾದ್ರಿ?"

"ನೀವು ಕೈ ಬೀಸಿದ್ರಲ್ಲಮ್ಮಾ. ಗೇಟ್ನಾಗೆ ರೂಲ್ಸ್ ಓದಿದ್ದು ನೀವು. ಅಮ್ಮಾರೇ ಬೀಸ್ತಾವ್ರೆ ಅಂದ್ಮೇಲೆ ಪರ್ಮಿಸನ್ ತಗಂಡೇ ಬಂದವ್ರೆ ಅನ್ಕಂಡೆ. ನಂದೇ ತಪ್ಪು."

ಏನು ಹೇಳಿ ಫೋನ್ ಇಟ್ಟೆನೋ ಗೊತ್ತಿಲ್ಲ. ಶ್ರೀಹರಿಯನ್ನು ಅವರು ನಂಬಿರಲಿಲ್ಲ. ಚಕ್ರಪಾಣಿಯವರನ್ನೂ ನಂಬಿರಲಿಲ್ಲ. ನಂಬಿದ್ದು ನನ್ನನ್ನು. ಮೂರು ವಾರದಿಂದ ಎಲ್ಲರ ಮೇಲೂ ಕಾರಿಕೊಂಡೆನಲ್ಲ, ಈಗ ನನ್ನ ಕೈ ನೋಡಿಕೊಂಡರೇ ಅಸಹ್ಯ.

ಫೆಬ್ರವರಿ 25, ಮಂಗಳವಾರ, ಬೆಳಿಗ್ಗೆ 6

ಕಮಿಟಿಯ ಹಾಳೆ ಹರಿದೆ. ಹೊಸದು ಬರೆಯುತ್ತಿದ್ದೇನೆ, ಮೊದಲು ಇಲ್ಲಿ, ಆಮೇಲೆ ಒಳ್ಳೆಯ ಹಾಳೆಯಲ್ಲಿ. ಏಳರ ಬಸ್ಸು ಹಿಡಿದು ರೇಂಜ್ ಆಫೀಸಿನಲ್ಲಿ ಕೈಯಾರೆ ಕೊಡಬೇಕು.

"ಮಾನ್ಯರೇ, ನಮ್ಮ ಸದಸ್ಯರಾದ ಶ್ರೀಹರಿಯವರು ಷರತ್ತು ಏಳನ್ನು ಮೀರಿ ಡ್ರೋನ್ ಹಾರಿಸಿದರು. ಅಧ್ಯಕ್ಷರು ಅದಕ್ಕೆ ಒಪ್ಪಿದರು. ಮಾರ್ಗದರ್ಶಿ ದೊಡ್ಡಬೈರಪ್ಪನವರು ಎರಡೂ ಕೈ ಎತ್ತಿ ಬೇಡವೆಂದು ಕೂಗಿದರು. ನನಗೆ ಸ್ಪಷ್ಟವಾಗಿ ಕೇಳಿಸಿತು."

ಇಲ್ಲಿಯವರೆಗೆ ಸಲೀಸಾಗಿ ಬಂತು. ಬೇರೆಯವರ ತಪ್ಪು ಬರೆಯಲು ಪೆನ್ನು ತಡೆಯುವುದೇ ಇಲ್ಲ.

"ಸದಸ್ಯರೆಲ್ಲರೂ ಕೈ ಬೀಸಿದ್ದರಿಂದ ಅವರು" — ಹೊಡೆದುಹಾಕಿದೆ. ಸುಳ್ಳು.

"ಕಾರ್ಯದರ್ಶಿಯೂ ಕೈ ಬೀಸಿದ್ದರಿಂದ" — ಅದೂ ಬೇಡ. ಯಾರೋ ಬೇರೆ ಹೆಂಗಸು ಎನ್ನುವ ಹಾಗಿದೆ.

ಆರೂವರೆ. ಅತ್ತೆ ಎದ್ದರು. ಎದುರು ಕೂತು ನನ್ನ ಕೈಯನ್ನೇ ನೋಡುತ್ತಿದ್ದಾರೆ.

"ಆಮೇಲೆ ಅವರು ಕೈ ಇಳಿಸಿದರು. ಇಳಿಸಿದ್ದು ಯಾಕೆಂದರೆ ನಾನು