ರಿಯಾದ್‌ನಿಂದ ಮನಿಲಾ, ಒಂದು ದಿನ ಮುಂಚೆ

ಡಿಸೆಂಬರ್ 10
ಅಕೌಂಟ್ಸ್ ಟೆಸ್ಟ್ ಮುಗಿಯಿತು. ಬಹುಶಃ ಫೇಲ್. ಕೊನೆಯ ಪುಟದಲ್ಲಿ ಮತ್ತೆ ಅದನ್ನೇ ಗೀಚಿದ್ದೆ — ರಿಯಾದ್‌ನಿಂದ ಮನಿಲಾ, ಸುಮಾರು ಏಳು ಸಾವಿರದ ಎಂಟುನೂರು ಕಿಲೋಮೀಟರ್. ಒಂಬತ್ತೂವರೆ ಗಂಟೆ.
ಅಮ್ಮ ಬರುತ್ತಾಳೆ, ಕ್ರಿಸ್‌ಮಸ್‌ಗೆ. ಯಾರದೋ ಮಕ್ಕಳನ್ನು ಸಾಕಲು ರಿಯಾದ್‌ಗೆ ಕೊನೆಯ ಸಲ ಹೋಗಿ ಏಳು ವರ್ಷ. ಆಗ ನನಗೆ ಹನ್ನೊಂದು. ಆಮೇಲೆ ಹಾಸ್ಟೆಲ್, ಮತ್ತೆ ಹಾಸ್ಟೆಲ್. ಭಾನುವಾರ ಫೋನ್. ನಾನು ಗುಡ್ ನೈಟ್ ಎನ್ನುವಾಗ ಅವಳಿಗಿನ್ನೂ ಸಂಜೆ. ಯಾವಾಗಲೂ ಐದು ಗಂಟೆ ಹಿಂದಿರುವ ಅಮ್ಮ. ವಿಡಿಯೋದಲ್ಲಿ ಬರೀ ಹಣೆ ಕಾಣಿಸುತ್ತದೆ. ಗುಂಪಿನಲ್ಲಿ ಗುರುತೇ ಸಿಗದಿದ್ದರೆ?

ಡಿಸೆಂಬರ್ 13
ನಮ್ಮೂರು ಲುಸೆನಾದಿಂದ ರೂಬೆನ್ ಮಾವನ ಫೋನ್.
"ವಿಮಾನ ಯಾವತ್ತಮ್ಮಾ ಇಳಿಯೋದು? ನೀನು ಓದಿರೋಳು, ಟಿಕೆಟ್ ನೋಡಿ ಹೇಳು."
ನೋಡಿದೆ. ಹದಿನೆಂಟು. ರಾತ್ರಿ ಹನ್ನೊಂದಕ್ಕೆ ಒಂಬತ್ತೂವರೆ, ಮೇಲೆ ಐದು... ಮಧ್ಯಾಹ್ನ ಒಂದೂವರೆ. ಮೂರು ಸಲ ಕೂಡಿದೆ. ಸರಿಯಿದೆ.

ಡಿಸೆಂಬರ್ 18, ಮಧ್ಯಾಹ್ನ
ಏರ್‌ಪೋರ್ಟ್. ಮಾವ ಓಡಿಸುವ ಜೀಪ್ನಿ ಬಸ್ಸಿನ ತುಂಬ ನೆಂಟರು, ಅನ್ನದ ಪಾತ್ರೆ, ಹುರಿದ ಮೀನು, ಬೆಡ್‌ಶೀಟಿನ ಮೇಲೆ ಪೇಂಟ್‌ನಲ್ಲಿ ಅಮ್ಮನ ಹೆಸರು: 'ವೆಲ್ಕಮ್ ಹೋಮ್ ತೆರೆಸಿಟಾ'. ಬೋರ್ಡ್‌ನಲ್ಲಿ ವಿಮಾನವೇ ಇಲ್ಲ. ಅಮ್ಮನಿಗೆ ಫೋನ್ ಮಾಡಿದೆ.
"ಜೊವೇ, ನಾನಿನ್ನೂ ಪೆಟ್ಟಿಗೆಗೆ ಟೇಪ್ ಸುತ್ತಾ ಇದೀನಲ್ಲೇ! ಇವತ್ತು ರಾತ್ರಿ ಹತ್ತೋದು, ಇಳಿಯೋದು ನಾಳೆ."
ಹೊರಡುವ ತಾರೀಕನ್ನೇ ಇಳಿಯುವ ತಾರೀಕು ಎಂದುಬಿಟ್ಟಿದ್ದೆ. ಗಂಟೆ ಕೂಡಿದೆ. ನಡುವಿನ ರಾತ್ರಿ ಮರೆತೆ.
"ಎಲ್ರೂ ಬಂದ್ಬಿಟ್ರಾ? ಈಗ್ಲೇ?" ಅಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಅದೇ ದಿನ, ಸಂಜೆ
ಯಾರೂ ಊರಿಗೆ ಹೋಗಲಿಲ್ಲ. ಪಾರ್ಕಿಂಗ್‌ನಲ್ಲೇ ಚಾಪೆ ಹಾಸಿದ್ದಾರೆ. ಪಕ್ಕದ ವ್ಯಾನಿನವರಿಗೂ ಮೀನು ಹೋಯಿತು.
"ಭಾರೀ ಕಾಲೇಜಮ್ಮಾ ನಿಂದು," ಮಾವ ಕಿಚಾಯಿಸಿದ. "ವಿಮಾನಕ್ಕಿಂತ ಮುಂಚೆ ನಿನ್ನ ಲೆಕ್ಕ ಇಳೀತು!"
ಎಲ್ಲರಿಗೂ ಸಾರಿ ಎಂದೆ. ಅಜ್ಜಿ ಗದರಿದಳು. "ಸಾಕು ಬಿಡೇ ನಿನ್ನ ಸಾರಿ. ಮುಂಚೆ ನನ್ ಮಗಳು ಬಂದಾಗೆಲ್ಲ ಟ್ರಾಫಿಕ್ಕಲ್ಲಿ ಸಿಕ್ಕೊಂಡು ಲೇಟಾಗೇ ಬಂದಿದೀವಿ. ಪೆಟ್ಟಿಗೆ ಮೇಲೆ ಕೂತು ಕಾದಿರ್ತಾಳೆ, ಪಾಪ. ಈ ಸಲ ನಾವು ಕಾಯೋಣ."
"ಅಜ್ಜೀ, ನನಗೆ ಗುರುತು ಸಿಗದಿದ್ರೆ?"
"ಅವಳಿಗೆ ಸಿಗುತ್ತೆ ಬಿಡು. ತಿನ್ನು."
ತಿಂದೆ.

ಡಿಸೆಂಬರ್ 19, ಮಧ್ಯಾಹ್ನ
ಬೋರ್ಡ್‌ನಲ್ಲಿ 'ಲ್ಯಾಂಡೆಡ್'. ಕಂಬಿಗೆ ಒರಗಿ ಬರೆಯುತ್ತಿದ್ದೇನೆ. ಬಾಗಿಲು ತೆರೆದಾಗಲೆಲ್ಲ ಹೆಂಗಸರು, ಟ್ರಾಲಿ, ಟೇಪ್ ಸುತ್ತಿದ ಪೆಟ್ಟಿಗೆಗಳು. ಹಸಿರು ಸ್ವೆಟರ್ ಹಾಕಿರ್ತೀನಿ ಎಂದಿದ್ದಳು ಅಮ್ಮ. ಹಸಿರು ಸ್ವೆಟರ್ ಮೂವರು. ದೇವರೇ.
ಒಬ್ಬಳು ಫೋನ್‌ನಲ್ಲಿ. ಒಬ್ಬಳನ್ನು ಯಾರೋ ಆಗಲೇ ತಬ್ಬಿಕೊಂಡರು. ಮೂರನೆಯವಳು ಬಾಗಿಲಲ್ಲೇ ನಿಂತುಬಿಟ್ಟಿದ್ದಾಳೆ. ಹಿಂದಿನವರು ಬೈಯುತ್ತಿದ್ದಾರೆ. ತಲೆ ತಗ್ಗಿಸಿ ವಾಚಿನ ಮುಳ್ಳು ತಿರುಗಿಸುತ್ತಿದ್ದಾಳೆ. ಮುಂದಕ್ಕೆ, ಇನ್ನೂ ಮುಂದಕ್ಕೆ... ನಮ್ಮ ಗಂಟೆಗೆ.
ತಲೆ ಎತ್ತಿದಳು. ಆ ಹಣೆ —