ಪಾಠದಲ್ಲಿ ಬರೆದಿರದ ಉತ್ತರ

ಕುರುಗೋಡು
ಮಂಗಳವಾರ, 19-3-1974

ಯಜಮಾನರಿಗೆ ಚನ್ನವೀರಮ್ಮನ ಶರಣು.

ಇಲ್ಲಿ ಮಾವನವರ ಮೊಣಕಾಲು ನೋವೊಂದನ್ನು ಬಿಟ್ಟರೆ ಎಲ್ಲರೂ ಆರಾಮ. ನೀವೂ ಆರಾಮವೆಂದು ಬರೆದಿದ್ದೀರಿ. ಅದನ್ನು ನಂಬಬೇಕೋ ಬೇಡವೋ ತಿಳಿಯದೆ ಈ ಪತ್ರ ಬರೆಯಲು ಕೂತಿದ್ದೇನೆ. ಪೂರ್ತಿ ಓದಿ. ಅರ್ಧಕ್ಕೇ ಮಡಚಿ ಜೇಬಿಗೆ ಇಟ್ಟುಕೊಳ್ಳಬೇಡಿ.

ಈ ವರ್ಷ ಪರೀಕ್ಷೆಗೆ ಕೂಡುವುದು ಬೇಡ, ಮುಂದಿನ ವರ್ಷ ನೋಡೋಣ ಎಂದು ಬರೆದಿದ್ದೀರಿ. ಬಳ್ಳಾರಿಗೆ ಬರಲೇಬೇಡ, ನನ್ನ ರೂಮು ಹೆಂಗಸರು ಇರುವಂಥದ್ದಲ್ಲ ಎಂದೂ ಬರೆದಿದ್ದೀರಿ. ಒಂದನೇ ತಾರೀಕು ಬಳ್ಳಾರಿಯಲ್ಲಿ ಇಂಗ್ಲಿಷ್ ಪೇಪರ್ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಉಳಿದಿರುವುದು ಅದೊಂದೇ. ಅದು ದಾಟಿದರೆ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಬಹುದು, ಇನ್ನೊಂದು ವರ್ಷ ಹೋದರೆ ನನ್ನ ವಯಸ್ಸು ಮೀರುತ್ತದೆ. ಇದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬೇಡವೆಂದಿರಿ. ಏಕೆ?

ಸಿರುಗುಪ್ಪದ ವಿರೂಪಮ್ಮ ದಸರೆಯಿಂದ ವಾರಕ್ಕೊಂದು ಲಕೋಟೆ ಕಳಿಸುತ್ತಿರುವುದು ನಿಮಗೆ ತಿಳಿದದ್ದೇ. ನನ್ನ ಜೊತೆ ಓದಿದವಳು ಈಗ ಅಲ್ಲಿ ಇಂಗ್ಲಿಷ್ ಟೀಚರ್. ಒಂದು ಪುಟ್ಟ ಪಾಠ ಬರೆದು, ಕೆಳಗೆ ಐದು ಪ್ರಶ್ನೆ ಹಾಕುತ್ತಾಳೆ. ನಾನು ಉತ್ತರ ಬರೆದು ಕಳಿಸಿದರೆ ಕೆಂಪು ಶಾಯಿಯಲ್ಲಿ ಬೈದು ವಾಪಸು ಕಳಿಸುತ್ತಾಳೆ. ನಾಲ್ಕು ಪ್ರಶ್ನೆ ಸುಲಭ. ಐದನೆಯದರ ಉತ್ತರ ಮಾತ್ರ ಪಾಠದಲ್ಲಿ ಎಲ್ಲೂ ಬರೆದಿರುವುದಿಲ್ಲ, ಬರೆದದ್ದನ್ನು ನೋಡಿ ನಾವೇ ತಿಳಿದುಕೊಳ್ಳಬೇಕು. ಒಂದು ಪಾಠದಲ್ಲಿ ಒಬ್ಬ ಹೆಂಗಸು ಅಂಗಳದಲ್ಲಿ ಒಣಹಾಕಿದ ಬಟ್ಟೆ ಎತ್ತಿಕೊಂಡಳು, ಹಪ್ಪಳದ ಚಾಪೆ ಒಳಗೆಳೆದಳು, ಕಿಟಕಿ ಮುಚ್ಚಿದಳು. ಮಳೆ ಎಂಬ ಮಾತೇ ಅದರಲ್ಲಿಲ್ಲ. ಆದರೂ ಮಳೆ ಬರುತ್ತದೆ ಎಂದು ಬರೆಯಬೇಕು. ಮೊದಮೊದಲು ನನಗೆ ಇದು ತಲೆಗೆ ಹತ್ತುತ್ತಲೇ ಇರಲಿಲ್ಲ. ಈಗ ಎಷ್ಟು ಹತ್ತಿದೆಯೆಂದರೆ, ನಿಮ್ಮ ಪತ್ರಗಳನ್ನೂ ಹಾಗೆಯೇ ಓದುತ್ತಿದ್ದೇನೆ.

ಕಳೆದ ವಾರ ನುಡಿಗಟ್ಟುಗಳ ಪಾಠ. ಇಂಗ್ಲಿಷಿನವರಿಗೆ ಅನುಮಾನ ಬಂದರೆ ‘ಐ ಸ್ಮೆಲ್ ಎ ರ್‍ಯಾಟ್’ ಅನ್ನುತ್ತಾರಂತೆ, ಇಲಿಯ ವಾಸನೆ ಬಂತು ಅಂತ. ನಮ್ಮ ಮನೆಯಲ್ಲಿ ಇಲಿಯ ವಾಸನೆ ಬಂದರೆ ಜೋಳದ ಚೀಲ ಸರಿಸಿ ನೋಡುತ್ತೇವೆ. ನಾನೂ ಸರಿಸಿ ನೋಡಿದೆ.

ದಸರೆಯಿಂದ ನೀವು ಶನಿವಾರ ಊರಿಗೆ ಬರುವುದನ್ನು ಬಿಟ್ಟಿರಿ. ಮಿಲ್ಲಿನಲ್ಲಿ ಹತ್ತಿಯ ಕೆಲಸ, ತೂಕ ಬರೆಯುವವನು ನಾನೊಬ್ಬನೇ, ಬಿಡುವಿಲ್ಲ ಎಂದಿರಿ. ನಾನೂ ಹತ್ತಿ ಬೆಳೆಯುವ ಮನೆಯಲ್ಲೇ ಇದ್ದೇನೆ. ನಮ್ಮ ಹೊಲದ ಹತ್ತಿ ಸಂಕ್ರಾಂತಿಗೆ ಮೊದಲು ಬಾಯಿ ಬಿಡುವುದಿಲ್ಲ, ಬಾದನಹಟ್ಟಿ ಕಡೆಯದೂ ಅಷ್ಟೇ. ದಸರೆಯಲ್ಲಿ ನಿಮ್ಮ ಮಿಲ್ಲು ಯಾವ ಹತ್ತಿ ತೂಗುತ್ತಿತ್ತು?

ಮೊದಲು ಪ್ರತಿ ಪತ್ರದಲ್ಲೂ ಖಾನಾವಳಿಯವನನ್ನು ಬೈಯುತ್ತಿದ್ದಿರಿ. ರೊಟ್ಟಿ ಚರ್ಮದ ಹಾಗೆ, ಸಾರು ನೀರಿನ ಹಾಗೆ. ದೀಪಾವಳಿಯಿಂದೀಚೆಗೆ ಒಂದು ಬೈಗುಳವೂ ಇಲ್ಲ. ಖಾನಾವಳಿಯವನು ಸುಧಾರಿಸಿದನೋ, ನೀವು ಬೇರೆ ಕಡೆ ಉಣ್ಣುತ್ತಿದ್ದೀರೋ? ಆಗ ಮಿಲ್ಲಿನ ರದ್ದಿ ಚೀಟಿಯ ಹಿಂದೆ ಬರೆಯುತ್ತಿದ್ದವರು ಈಗ ಗೆರೆ ಹಾಕಿದ ಹೊಸ ಕಾಗದದಲ್ಲಿ ಅಂಚು ಬಿಟ್ಟು ದುಂಡಗೆ ಬರೆಯುತ್ತೀರಿ. ನಿಮ್ಮ ಪಕ್ಕ ಯಾರೋ ಕೂತು ತಿದ್ದುತ್ತಿದ್ದಾರೆ ಅನ್ನಿಸುತ್ತದೆ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಶಿವರಾತ್ರಿಗೆ ಬಂದಾಗ ಒಗೆಯಲು ಹಾಕಿದ ನಿಮ್ಮ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಇತ್ತು. ಇಂಗ್ಲಿಷಿನಲ್ಲಿ ಇತ್ತು. ಹೋದ ವರ್ಷವಾಗಿದ್ದರೆ ಅದನ್ನು ಹಾಗೆಯೇ ಗೂಡಿನಲ್ಲಿ ಇಡುತ್ತಿದ್ದೆ. ಈಗ ಓದಿದೆ. ಒಂದೊಂದೇ ಅಕ್ಷರ ಕೂಡಿಸಿ, ಬಚ್ಚಲ ಕಲ್ಲಿನ ಮೇಲೆ ಕೂತು ಓದಿದೆ. ಶನಿವಾರ ಆರು ಗಂಟೆಗೆ ಬನ್ನಿ, ನಿಮ್ಮ ಗುಟ್ಟು ನನ್ನಲ್ಲಿ ಭದ್ರವಾಗಿದೆ ಎಂದು ಬರೆದಿತ್ತು. ಕೆಳಗೆ ‘E’ ಎಂಬ ಒಂದೇ ಅಕ್ಷರ. ಗಂಡಸರ ಕೈಬರಹವಲ್ಲ ಅದು. ಆ ದಿನ ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ನೀವು ಉಂಡು, ಏನೂ ಅನ್ನದೆ ಎದ್ದು ಹೋದಿರಿ. ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಸರಿಸುವವರು ನೀವು. ತಪ್ಪು ಮಾಡಿದವರೇ ಹಾಗೆ ಸುಮ್ಮನೆ ಉಣ್ಣುವುದು ಎಂದುಕೊಂಡೆ.

ನನಗೆ ಅವಳ ಹೆಸರು ಬೇಡ. ಇಷ್ಟು ಮಾತ್ರ ಬೇಕು: ನನ್ನನ್ನು ಬಳ್ಳಾರಿಗೆ ಬರಬೇಡ ಅಂದದ್ದು ಅವಳಿಗಾಗಿಯೇ? ಹೌದಾದರೆ ಹೌದು ಎಂದು ಬರೆಯಿರಿ. ಒಂಬತ್ತು ವರ್ಷ ಮನೆಗೆ ಬಂದವರ ಮುಂದೆಲ್ಲ ‘ಈಕಿ ಇಂಗ್ಲಿಷಿನ್ಯಾಗ ನಪಾಸು ಅದಾಳ್ರಿ’ ಎಂದು ನಕ್ಕಿರಿ, ನಾನೂ ಜೊತೆಗೆ ನಕ್ಕು ಚಹಾ ಕೊಟ್ಟೆ. ಈಗ ಪಾಸಾಗುವ ಹೊತ್ತಿಗೆ ಅಡ್ಡ ನಿಂತಿದ್ದೀರಿ. ಬೇರೆ ಯಾರಿಗಾದರೂ ಜಾಗ ಮಾಡಿಕೊಡಲು ನನ್ನ ಪರೀಕ್ಷೆಯನ್ನು ಬಿಡುವವಳಲ್ಲ ನಾನು.

ಇಂತಿ,
ಉತ್ತರಕ್ಕೆ ಕಾದಿರುವ
ಚನ್ನವೀರಮ್ಮ

ಮರೆತ ಮಾತು, ಗುರುವಾರ 21-3-1974:

ಮೇಲಿನದನ್ನು ಪೋಸ್ಟಿಗೆ ಹಾಕುತ್ತೇನೆಂದು ಮಾವನವರು ಕೇಳಿದರು, ಕೊಡಲಿಲ್ಲ. ಇವತ್ತು ಪಕ್ಕದ ಮನೆಯ ಹೊನ್ನೂರಮ್ಮನ ಜೊತೆ ನಿಮಗೆ ತಿಳಿಸದೆ ಬಳ್ಳಾರಿಗೆ ಹೋಗಿ, ಸ್ಕೂಲಿನಲ್ಲಿ ಹಾಲ್ ಟಿಕೆಟ್ ತೆಗೆದುಕೊಂಡು ಬಂದೆ. ರಿಜಿಸ್ಟರಿನಲ್ಲಿ ಸಹಿ ಮಾಡಲು ಬಗ್ಗಿದರೆ, ನನ್ನ ಹೆಸರಿನ ಕೆಳಗೆ ನಾಲ್ಕನೆಯದು ನಿಮ್ಮ ಹೆಸರು. ಮುಂದೆ ನಿಮ್ಮ ಸಹಿ, ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ವಿಷಯ: ಇಂಗ್ಲಿಷ್.

ನಾನು ಅಲ್ಲೇ ನಿಂತದ್ದು ನೋಡಿ ಗುಮಾಸ್ತರು ಕೇಳಿದರು: ‘ಗವಿಸಿದ್ದಪ್ಪನವ್ರು ನಿಮ್ಮ ಪೈಕಿಯವ್ರೇನ್ರಿ? ಊರು ಒಂದ ಐತಲ್ರಿ. ಪಾಪ, ಹಿಂದ ಮೂರು ಸಲ ಕುಂತಿದ್ರಂತ. ಈಗ ಕಂಟೋನ್ಮೆಂಟಿನ್ಯಾಗ ಎಸ್ತರಮ್ಮ ಟೀಚರ್ ಕಡಿ ಟ್ಯೂಷನ್‌ಗೆ ಹೊಕ್ಕಾರ. ಎಪ್ಪತ್ತು ವರ್ಷದ ಮುದುಕಿ, ಊಟಾನೂ ಹಾಕಿ ಕಲಿಸ್ತಾರ್ರಿ.’ ನಮ್ಮ ಪೈಕಿಯವರೇ ಅಂದೆ.

ಚೀಟಿಯ ಆ ‘E’ ಎಪ್ಪತ್ತು ವರ್ಷದ ಎಸ್ತರಮ್ಮನೆಂದು ಹೊರಗೆ ಬಂದಾಗ ಮೊದಲು ನಗು ಬಂತು. ಬಸ್ಸಿನಲ್ಲಿ ಅಳು ಬಂತು. ಹೊನ್ನೂರಮ್ಮನಿಗೆ ಕಣ್ಣಿಗೆ ಧೂಳು ಬಿತ್ತೆಂದು ಹೇಳಿದೆ. ನಿಶ್ಚಯದ ದಿನ ಮಾವನವರು ಹಿರಿಯರ ಮುಂದೆ ನಮ್ಮ ಹುಡುಗ ಮೆಟ್ರಿಕ್ ಪಾಸು ಅಂದಾಗ ನೀವು ತಲೆ ಬಗ್ಗಿಸಿ ಕೂತಿದ್ದಿರಿ. ನಾಚಿಕೆಯೆಂದು ತಿಳಿದಿದ್ದೆ. ನಾನು ಓದಲು ಕೂತದ್ದು ದಸರೆಗೆ, ನೀವು ಓದಲು ಹೋದದ್ದೂ ದಸರೆಗೆ. ಪರೀಕ್ಷೆಯ ಹಾಲ್‌ನಲ್ಲಿ ನಿಮ್ಮನ್ನು ನೋಡಿಬಿಡುತ್ತೇನೆಂದು ನನ್ನನ್ನು ಬರಬೇಡ ಅಂದಿರಿ. ಬೇರೆ ಹೆಂಗಸಿದ್ದರೆ ಜಗಳವಾಡಿಯಾದರೂ ಮುಗಿಸುತ್ತಿದ್ದೆ. ಇದಕ್ಕೆ ಏನು ಮಾಡಲಿ? ಸಿಟ್ಟು ಇನ್ನೂ ಇಳಿದಿಲ್ಲ.

ಈ ಪತ್ರವನ್ನು ಹರಿಯದೆ ಹಾಗೆಯೇ ಕಳಿಸುತ್ತಿದ್ದೇನೆ, ಐದು ತಿಂಗಳು ನನಗೇನಾಗಿತ್ತೆಂದು ನಿಮಗೆ ತಿಳಿಯಲಿ. ಮೂವತ್ತೊಂದರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ರೂಮು ಗುಡಿಸಿಡಿ.

ನೀವು ಮೆಟ್ರಿಕ್ ಪಾಸೆಂದೇ ನಂಬಿರುವ ಮಾವನವರಿಗೆ ನಾನು ಹೇಳಿಲ್ಲ. ಪರೀಕ್ಷೆಗೆ ಮೊದಲು ನೀವೇ ಬಂದು ಹೇಳಿ. ಹೇಳದಿದ್ದರೆ, ಸೊಸೆ ಪಾಸಾದಳೆಂದು ಅವರು ಆ ಮೊಣಕಾಲು ಎಳೆದುಕೊಂಡು ಓಣಿಗೆಲ್ಲ ಸಕ್ಕರೆ ಹಂಚುವ ದಿನ, ರಿಸಲ್ಟಿನ ಪೇಪರಿನಲ್ಲಿ ನಿಮ್ಮ ನಂಬರು ಇಲ್ಲದಿದ್ದರೂ ನೀವು ಅವರ ಪಕ್ಕದಲ್ಲಿ ನಗುತ್ತಾ ನಿಲ್ಲಬೇಕಾಗುತ್ತದೆ. ಅದನ್ನು ನಾನು ನೋಡಲಾರೆ.