ಅಲೆಯೇಳದ ಜಾಗ

ತಮ್ಮ ನಾರಾಯಣ,

ಕಿರಿಯರಿಗೆ ಬರೆಯುವಾಗ ಹೆಸರಿನ ಮುಂದೆ ‘ಚಿರಂಜೀವಿ’ ಎಂದು ಸೇರಿಸುವುದು ಪದ್ಧತಿ. ನಿನ್ನ ಹಡಗು ಮುಳುಗಿದ ಸುದ್ದಿ ಬಂದ ಮೇಲೂ ಅಮ್ಮ ಹೇಳಿ ಬರೆಸಿದ ಕಾಗದಗಳಲ್ಲಿ ನಾನು ಆ ಪದವನ್ನು ಬಿಟ್ಟಿರಲಿಲ್ಲ. ಇಂದು ಬಿಟ್ಟಿದ್ದೇನೆ.

ನೀನು ಕೊನೆಯ ಸಲ ರಜೆಗೆ ಬಂದಿದ್ದಾಗ ನಮ್ಮ ದಿಬ್ಬೂರಹಳ್ಳಿಯ ಕುಂಟೆಯಲ್ಲಿ ಸೊಳ್ಳೆಮರಿ ಕೊಲ್ಲಲು ಮಲೇರಿಯಾದವರು ಎಣ್ಣೆ ಬಿಡುತ್ತಿದ್ದರು. ಗಾಳಿಗೆ ನೀರೆಲ್ಲ ತೆರೆಯೆದ್ದಿದ್ದರೂ ಎಣ್ಣೆ ಹರಡಿದ ಕಡೆ ಕದಲದೆ ಮಲಗಿತ್ತು.

“ನೋಡಣ್ಣ, ನಮ್ಮ ರಾಡಾರ್ ಪರದೆ ಮೇಲೆ ಅಂಥ ಜಾಗ ಕಪ್ಪಗೆ ಕಾಣುತ್ತೆ.”

“ಅದು ಹೇಗಪ್ಪ?”

“ಸೂಕ್ಷ್ಮ ತರಂಗ ಬಿಡ್ತೀವಿ. ಸಣ್ಣ ಅಲೆಗೆ ತಗುಲಿದ್ದು ವಾಪಸ್ ಬಂದು ಪರದೆ ಬೆಳ್ಳಗಾಗುತ್ತೆ. ಎಣ್ಣೆ ಅಲೆನ ಅದುಮಿಬಿಡುತ್ತೆ. ಅಲ್ಲಿ ಬಿದ್ದದ್ದು ಆ ಕಡೆಗೆ ಜಾರಿಹೋಗುತ್ತೆ, ವಾಪಸ್ ಬರಲ್ಲ. ನಿಮ್ಮಂಥ ಮೇಷ್ಟ್ರ ಕ್ಲಾಸಿನ ಕೊನೇ ಬೆಂಚಿದ್ದಂಗೆ ಕಣಣ್ಣ, ಏನು ಕೇಳಿದ್ರೂ ಉತ್ತರ ಇಲ್ಲ.”

ಅಂದು ನಕ್ಕಿದ್ದೆ. ವಾಪಸ್ ಬರದಿರುವುದೆಂದರೆ ಏನೆಂದು ಆಗ ನನಗೇನು ಗೊತ್ತಿತ್ತು?

ದೇಹ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ನಡೆಸಬಹುದೆಂದು ಪುರೋಹಿತರು ಹೇಳಿದಾಗ ಅಮ್ಮ, “ನಾನು ಹೆತ್ತಿದ್ದು ಹುಲ್ಲನ್ನಲ್ಲ” ಎಂದು ಎದ್ದು ಹೋದಳು. ಸೂತಕದ ಮನೆಯಲ್ಲಿ ಎಣ್ಣೆನೀರಿನ ಸ್ನಾನವಿಲ್ಲ. ಅದಕ್ಕೆಂದೇ ಹಠದಿಂದ ದೀಪಾವಳಿಗೆ ಎಲ್ಲರ ಬಟ್ಟಲುಗಳ ಜೊತೆ ನಿನ್ನದಕ್ಕೂ ಹರಳೆಣ್ಣೆ ತುಂಬಿಟ್ಟಳು. ಅದನ್ನು ಚೆಲ್ಲಲು ಯಾರಿಗೂ ಬಿಡಲಿಲ್ಲ. ನಾನಾದರೂ ಹೇಗೆ ಒತ್ತಾಯಿಸಲಿ…

ಮೊನ್ನೆ ನಿನ್ನ ಜೊತೆ ರಾಡಾರಿನ ಕೆಲಸ ಕಲಿತಿದ್ದ ಮುರುಗಮಲ್ಲದ ಖಾದರ್ ಬಂದಿದ್ದ. ಇಷ್ಟು ದಿನ ಮುಖ ತೋರಿಸಲು ಅವನಿಗೆ ಧೈರ್ಯವಾಗಿರಲಿಲ್ಲವಂತೆ. ಬಿರುಗಾಳಿ ತಗ್ಗಿದ ಬೆಳಗ್ಗೆ ಅವನ ಹಡಗು ನಿಮ್ಮ ದಾರಿಯಲ್ಲೇ ಇತ್ತು. ಪರದೆಯ ಮೇಲೆ ಒಂದು ಕಪ್ಪು ಕಲೆ ಕಂಡಿತು.

“ಕ್ಯಾಪ್ಟನ್ನು ‘ಅಲ್ಲಿ ಗಾಳಿ ನಿಂತಿರ್ಬೇಕು, ಬಿಡು’ ಅಂದ್ರಮ್ಮ. ನಾನು ಬಿಡ್ಲಿಲ್ಲ. ಅದು ಎಣ್ಣೆ, ಕೆಳಗೆ ಹಡಗು ಮುಳುಗಿದೆ ಅಂದೆ. ಹಂಗೆ ಗುರುತು ಹಿಡಿಯೋದು ನಂಗೆ ಹೇಳ್ಕೊಟ್ಟಿದ್ದೇ ನಾರಾಯಣ.”

ಹಡಗು ತಿರುಗಿತು. ಆ ಎಣ್ಣೆಯ ನಡುವೆ ಹಲಗೆ ಹಿಡಿದು ಇಬ್ಬರು ಇನ್ನೂ ಬದುಕಿದ್ದರು. ತಮ್ಮನ್ನು ಏಣಿ ಹತ್ತಿಸಿದ ನೀನು, ನೀರು ನುಗ್ಗಿದಾಗ ಒಳಗೇ ಉಳಿದೆಯೆಂದು ಅವರೇ ಹೇಳಿದರಂತೆ.

ಅಮ್ಮ ಕೇಳಿದ್ದು ಒಂದೇ ಮಾತು: “ಆ ಇಬ್ಬರಿಗೂ ತಾಯಂದಿರು ಇದ್ದಾರೇನಪ್ಪ?”

“ಇದ್ದಾರಮ್ಮ.”

ನಿನ್ನೆ ಸಂಜೆ ಅವಳು ನಿನ್ನ ಬಟ್ಟಲನ್ನು ಸೆರಗಿನಡಿ ಹಿಡಿದು ಕುಂಟೆಗೆ ನಡೆದಳು. ನಾನು ಹಿಂದೆ ಹೋದೆ. ಗಾಳಿ ಜೋರಾಗಿತ್ತು. ಎಣ್ಣೆಯನ್ನು ಅವಳೇ ನೀರಿಗೆ ಬಿಟ್ಟಳು. ಅವಳ ಕಾಲ ಬಳಿಯ ಅಲೆಗಳು ಒಂದೊಂದಾಗಿ ಅಡಗಿದವು. ಅದನ್ನೇ ನೋಡುತ್ತ ನಿಂತಿದ್ದವಳು, ಬರಿದಾದ ಬಟ್ಟಲನ್ನು ನನ್ನ ಕೈಗಿತ್ತಳು.

“ಪುರೋಹಿತರಿಗೆ ಹೇಳಿಕಳಿಸಪ್ಪ. ಬೊಂಬೆ ಮಾಡ್ಲಿ.”

ದರ್ಭೆಯನ್ನು ನಾನೇ ಕೊಯ್ದು ತರುತ್ತೇನೆ, ನಾರಾಯಣ.

ನಿನ್ನ ಅಣ್ಣ